ಸಂಗೀತಶಾಸ್ತ್ರದ ಪದಗಳಿಂದ ನಗೆ ಕಟ್ಟುವ ಬಗೆ

ರಾಗ, ಗತಿ, ಗ್ರಾಮ, ಮಾತ್ರೆ, ಸ್ಥಾಯಿ, ಚರಣ, ಮೇಳ, ಗ್ರಹ, ವಾದಿ, ಧಾತು ಇವೆಲ್ಲ ಸಂಗೀತಶಾಸ್ತ್ರದ ಪಾರಿಭಾಷಿಕ ಪದಗಳು. ಸಂಗೀತದ ಸುದ್ದಿಯೇ ಇಲ್ಲದ ಕಡೆಯೂ ಇವು ನಮ್ಮ ಬಾಯಲ್ಲಿ ಬೇರೆ ಅರ್ಥದಲ್ಲಿ ಓಡಾಡುತ್ತಿರುತ್ತವೆ. ಪದವೊಂದಕ್ಕೆ ಹೀಗೆ ಎರಡು ಬಳಕೆಗಳಿದ್ದರೆ ಅಲ್ಲಿ ಶ್ಲೇಷೆ ತಾನಾಗಿಯೇ ಹುಟ್ಟಿಕೊಳ್ಳುತ್ತದೆ; ಆದರೆ ಹುಟ್ಟಿದ ಶ್ಲೇಷೆಗಳೆಲ್ಲ ನಗು ತರುವುದಿಲ್ಲ, ನಗು ತಂದವುಗಳಲ್ಲಿಯೂ ಎರಡನೆಯ ಸಲ ಕೇಳಿದಾಗ ರುಚಿಸುವವು ಕಡಿಮೆ. ಸಂಗೀತದ ನಗೆಮಾತು ಬಾಳಬೇಕಾದರೆ ಅದು ಬಳಕೆಯ ಅರ್ಥದಲ್ಲಿ ನಿಜವಾಗಿರುವಷ್ಟೇ ಶಾಸ್ತ್ರದ ಅರ್ಥದಲ್ಲಿಯೂ ನಿಜವಾಗಿರಬೇಕು ಎಂಬುದು ನನ್ನ ದೃಢವಾದ ನಂಬಿಕೆ. ಸಂಗೀತ ಕಲಿಯುವವರು, ಕಲಿಸುವವರು, ಕಾರ್ಯಕ್ರಮ ನಿರೂಪಿಸುವವರು ಮತ್ತು ಹಾಸ್ಯ ಬರೆಯುವವರು ಇಂಥ ಮಾತುಗಳನ್ನು ತಾವೇ ಕಟ್ಟಿಕೊಳ್ಳಲು ಅನುಸರಿಸಬಹುದಾದ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ.

ಮೊದಲ ಹೆಜ್ಜೆ: ಪದಗಳನ್ನು ಕೂಡಿಟ್ಟುಕೊಳ್ಳುವುದು

ನೋಟ್‌ಪುಸ್ತಕದ ಒಂದು ಪುಟದಲ್ಲಿ ಮೂರು ಅಂಕಣಗಳನ್ನು ಎಳೆದುಕೊಳ್ಳಿ. ಮೊದಲನೆಯದರಲ್ಲಿ ಪದ, ಎರಡನೆಯದರಲ್ಲಿ ಶಾಸ್ತ್ರದ ಅರ್ಥ, ಮೂರನೆಯದರಲ್ಲಿ ಬಳಕೆಯ ಅರ್ಥ ಇರಲಿ. ‘ಮಾತ್ರೆ’ ಎಂದರೆ ಹಿಂದುಸ್ತಾನಿ ತಾಳಗಳಲ್ಲಿ ಎಣಿಕೆಯ ಘಟಕ. ಔಷಧಿಯ ಗುಳಿಗೆಯೂ ಮಾತ್ರೆಯೇ. ‘ಗ್ರಾಮ’ ಎಂದರೆ ಪ್ರಾಚೀನ ಶಾಸ್ತ್ರದಲ್ಲಿ ಸ್ವರಗಳ ಒಂದು ವ್ಯವಸ್ಥೆ, ಬಳಕೆಯಲ್ಲಿ ಹಳ್ಳಿ. ‘ಧಾತು’ ಎಂದರೆ ರಚನೆಯ ಸ್ವರಭಾಗ, ‘ಮಾತು’ ಎಂದರೆ ಅದರ ಸಾಹಿತ್ಯಭಾಗ, ಇವೆರಡನ್ನೂ ತಾನೇ ರಚಿಸುವವನು ವಾಗ್ಗೇಯಕಾರ. ಬಳಕೆಯಲ್ಲಿ ಧಾತು ದೇಹದ ಸತ್ವವೂ ಹೌದು, ಕ್ರಿಯಾಪದದ ಮೂಲವೂ ಹೌದು, ಮಾತಂತೂ ಮಾತೇ. ‘ರೂಪಕ’ವು ತಾಳವೂ ಆಗಿ, ಕಾವ್ಯದ ಅಲಂಕಾರವೂ ಆಗಿ, ನಾಟಕವೂ ಆಗಿ ಮೂರು ಕಡೆ ಸಲ್ಲುತ್ತದೆ. ‘ಅಲಂಕಾರ’ ಎಂಬ ಪದವೇ ಸಂಗೀತ ಕಲಿಯುವವರಿಗೆ ಸಪ್ತತಾಳಗಳ ಅಭ್ಯಾಸಪಾಠವಾಗಿರುತ್ತದೆ.

ಪಟ್ಟಿ ಬೆಳೆದಂತೆ ಕೆಲವು ಪದಗಳನ್ನು ಬದಿಗಿಡಬೇಕಾಗುತ್ತದೆ. ಅಪಸ್ವರ ಎತ್ತುವುದು, ರಾಗ ಎಳೆಯುವುದು, ಅದೇ ಪಲ್ಲವಿ ಹಾಡುವುದು, ಶ್ರುತಿ ಸೇರುವುದು, ತಾಳ ಹಾಕುವುದು, ಮಂಗಳ ಹಾಡುವುದು ಇವೆಲ್ಲ ಒಂದು ಕಾಲದಲ್ಲಿ ಸಂಗೀತದಿಂದ ಎರವಲು ಪಡೆದ ಚಮತ್ಕಾರಗಳೇ ಆಗಿದ್ದಿರಬೇಕು. ಈಗ ಅವು ದಿನಬಳಕೆಯ ನುಡಿಗಟ್ಟುಗಳಾಗಿ ಸವೆದಿವೆ, ಅವುಗಳಲ್ಲಿ ಅಚ್ಚರಿ ಉಳಿದಿಲ್ಲ. ಹಾಗೆಂದು ಅವುಗಳನ್ನು ಪೂರ್ತಿ ಬಿಡಬೇಕಾಗಿಲ್ಲ, ಅದೇ ನುಡಿಗಟ್ಟಿನ ಹಿಂದಿರುವ ಶಾಸ್ತ್ರದೊಳಕ್ಕೆ ಇನ್ನೊಂದು ಹೆಜ್ಜೆ ಇಟ್ಟರೆ ಅದು ಮತ್ತೆ ಜೀವ ತಳೆಯುತ್ತದೆ. ‘ಎಲ್ಲರೂ ಅಧ್ಯಕ್ಷರ ಮಾತಿಗೆ ತಾಳ ಹಾಕಿದರು’ ಎಂದರೆ ಯಾರೂ ನಗುವುದಿಲ್ಲ. ‘ಎಲ್ಲರೂ ಅಧ್ಯಕ್ಷರ ಮಾತಿಗೆ ತಾಳ ಹಾಕಿದರು, ಕಾರ್ಯದರ್ಶಿಗಳು ಎತ್ತಿಕೊಂಡದ್ದು ಮಾತ್ರ ವಿಷಮದಲ್ಲಿ’ ಎಂದರೆ ತಾಳದ ಮೊದಲ ಘಾತದಲ್ಲಿ ಆರಂಭವಾಗದ ಎತ್ತುಗಡೆಯೂ ಸಭೆಯ ಬಿಗಡಾಯಿಸಿದ ಸ್ಥಿತಿಯೂ ಒಂದೇ ಪದದಲ್ಲಿ ಕೂಡಿಕೊಳ್ಳುತ್ತವೆ.

ಎರಡನೆಯ ಹೆಜ್ಜೆ: ಶಾಸ್ತ್ರವನ್ನು ಸರಿನೋಡಿಕೊಳ್ಳುವುದು

ಈ ಹೆಜ್ಜೆಯನ್ನು ಹೆಚ್ಚಿನವರು ಹಾರಿಬಿಡುತ್ತಾರೆ, ನಗೆಮಾತು ಸೋಲುವುದೂ ಇಲ್ಲಿಯೇ. ಒಂದು ಉದಾಹರಣೆ ನೋಡೋಣ. ‘ಅವರ ಮನಸ್ಸು ಪಂಚಮದಷ್ಟು ಕೋಮಲ’ ಎಂದು ಯಾರಾದರೂ ಬರೆದರೆ ಸಂಗೀತ ಬಲ್ಲವರ ಮುಖದಲ್ಲಿ ನಗು ಮೂಡುವುದಿಲ್ಲ, ಏಕೆಂದರೆ ಪಂಚಮಕ್ಕೆ ಕೋಮಲ ರೂಪವೇ ಇಲ್ಲ. ಹಿಂದುಸ್ತಾನಿ ಪದ್ಧತಿಯಲ್ಲಿ ರಿಷಭ, ಗಾಂಧಾರ, ಧೈವತ, ನಿಷಾದಗಳಿಗೆ (ರಿ, ಗ, ದ, ನಿ) ಮಾತ್ರ ಕೋಮಲ ರೂಪವಿದೆ, ಮಧ್ಯಮಕ್ಕೆ (ಮ) ತೀವ್ರ ರೂಪವಿದೆ, ಷಡ್ಜ ಮತ್ತು ಪಂಚಮಗಳು (ಸ, ಪ) ಅಚಲ ಸ್ವರಗಳು. ಆದರೆ ತಪ್ಪನ್ನು ತಿದ್ದಲು ಹೊರಟರೆ ಮೊದಲಿಗಿಂತ ಒಳ್ಳೆಯ ಮಾತೇ ಕೈಗೆ ಸಿಗುತ್ತದೆ: ‘ಅವರು ಪಂಚಮದಂಥ ಮನುಷ್ಯರು, ಕೋಮಲವೂ ಅಲ್ಲ, ತೀವ್ರವೂ ಅಲ್ಲ, ಕರೆದಾಗಲೆಲ್ಲ ಇದ್ದ ಜಾಗದಲ್ಲೇ ಇರುತ್ತಾರೆ.’ ಶಾಸ್ತ್ರವನ್ನು ಸರಿಪಡಿಸಿದಾಗ ನಗೆಯೂ ಸರಿಯಾಗುವುದನ್ನು ನಾನು ಮತ್ತೆಮತ್ತೆ ಕಂಡಿದ್ದೇನೆ.

ಗ್ರಾಮ ಮತ್ತು ಮೂರ್ಛನೆಯ ಜೋಡಿಯೂ ಹಾಗೆಯೇ. ಪ್ರಾಚೀನ ಶಾಸ್ತ್ರದ ಪ್ರಕಾರ ಪ್ರತಿಯೊಂದು ಗ್ರಾಮಕ್ಕೆ 7 ಮೂರ್ಛನೆಗಳು, ಅಂದರೆ ಒಂದೊಂದು ಸ್ವರದಿಂದ ಆರಂಭವಾಗುವ ಒಂದೊಂದು ಸ್ವರಕ್ರಮ. ಆದ್ದರಿಂದ ‘ಗ್ರಾಮಕ್ಕೆ ಏಳು ಮೂರ್ಛನೆ ಎಂದು ಓದಿದ ವೈದ್ಯರು ಔಷಧಿಯ ಪೆಟ್ಟಿಗೆ ಹಿಡಿದು ಹೊರಟೇಬಿಟ್ಟರು’ ಎಂಬ ಮಾತು ನಿಲ್ಲುತ್ತದೆ. ಏಳರ ಬದಲು ಹತ್ತು ಎಂದು ಬರೆದರೆ ಸಂಗೀತ ತಿಳಿಯದವರಿಗೆ ವ್ಯತ್ಯಾಸ ಕಾಣುವುದಿಲ್ಲ, ತಿಳಿದವರಿಗೆ ಇಡೀ ಮಾತೇ ಬಿದ್ದುಹೋಗುತ್ತದೆ. ಕರ್ನಾಟಕ ಸಂಗೀತದ ಸೂಳಾದಿ ಸಪ್ತತಾಳಗಳ ಅಂಗಗಳು ಲಘು, ದ್ರುತ, ಅನುದ್ರುತ ಎಂಬ ಮೂರೇ ಎಂಬುದನ್ನು ಸರಿನೋಡಿಕೊಂಡವರಿಗೆ ‘ಏಳು ತಾಳಗಳನ್ನೂ ಗುರು ಇಲ್ಲದೆಯೇ ಹಾಕಬಹುದು, ಆದರೆ ಗುರು ಇಲ್ಲದೆ ಒಂದನ್ನೂ ಕಲಿಯಲಾಗದು’ ಎಂಬ ವಾಕ್ಯ ಸಿಗುತ್ತದೆ; ತಾಳದ ಷಡಂಗಗಳಲ್ಲಿ 8 ಅಕ್ಷರಕಾಲದ ‘ಗುರು’ ಎಂಬ ಅಂಗವಿದ್ದು, ಅದು ಈ ಏಳರಲ್ಲಿ ಎಲ್ಲಿಯೂ ಬರುವುದಿಲ್ಲ ಎಂಬುದೇ ಆ ವಾಕ್ಯದ ಬೆನ್ನೆಲುಬು.

ಎತ್ತುಗಡೆಯ ಹೆಸರುಗಳೂ ಒಳ್ಳೆಯ ಕಚ್ಚಾವಸ್ತು. ತಾಳದ ಆರಂಭದೊಂದಿಗೇ ಹಾಡು ಶುರುವಾದರೆ ಸಮ, ಅದಕ್ಕೆ ಮೊದಲೇ ಆದರೆ ಅತೀತ, ತಾಳ ಶುರುವಾದ ಮೇಲೆ ಆದರೆ ಅನಾಗತ. ತರಗತಿಗೆ ತಡವಾಗಿ ಬಂದ ಶಿಷ್ಯೆ ‘ತಡವಾಗಿಲ್ಲ ಗುರುಗಳೇ, ಅನಾಗತದಲ್ಲಿ ಎತ್ತಿಕೊಂಡೆ’ ಎಂದರೆ ಅವಳಿಗೆ ಪಾಠ ಬಂದಿದೆ ಎಂದೇ ಲೆಕ್ಕ.

ಮೂರನೆಯ ಹೆಜ್ಜೆ: ಪದವನ್ನು ಒಡೆಯಬೇಕೋ ಬೇಡವೋ ಎಂದು ನಿರ್ಧರಿಸುವುದು

ನಮ್ಮ ಅಲಂಕಾರಶಾಸ್ತ್ರವು ಶ್ಲೇಷೆಯನ್ನು ಅಭಂಗ, ಸಭಂಗ ಎಂದು ವಿಂಗಡಿಸುತ್ತದೆ. ಪದವನ್ನು ಒಡೆಯದೆ ಎರಡು ಅರ್ಥ ಹೊರಡಿಸುವುದು ಅಭಂಗ, ಒಡೆದು ಹೊರಡಿಸುವುದು ಸಭಂಗ. ‘ರಾಗವೇ ಬಾರದಿದ್ದರೂ ಸರಾಗವಾಗಿ ಹಾಡಿದರು’ ಎಂಬುದು ಸಭಂಗ. ‘ಸ, ಪ ಎರಡನ್ನೇ ಹಿಡಿದು ಕುಳಿತರೆ ಕಛೇರಿ ಸಪ್ಪೆ’ ಎಂಬುದೂ ಆ ಜಾತಿಗೇ ಸೇರುತ್ತದೆ. ‘ಹಾಡುವವರದು ಗ್ರಹಭೇದ, ಕೇಳುವವರದು ಗ್ರಹಚಾರ’ ಎಂಬಲ್ಲಿ ಅರ್ಧ ಪದ ಮಾತ್ರ ಸಮಾನವಾಗಿದ್ದು, ಆಧಾರ ಷಡ್ಜವನ್ನು ಬೇರೆ ಸ್ವರಕ್ಕೆ ಸ್ಥಳಾಂತರಿಸಿ ಬೇರೊಂದು ರಾಗದ ಛಾಯೆ ತೋರಿಸುವ ಕ್ರಿಯೆಯ ಹೆಸರು ದುರದೃಷ್ಟಕ್ಕೆ ತಗಲಿಕೊಳ್ಳುತ್ತದೆ.

ನನ್ನ ಆಯ್ಕೆ ಅಭಂಗದ ಕಡೆಗೆ. ಸಭಂಗವು ಕಿವಿಯನ್ನು ತಟ್ಟಿ ಮುಂದೆ ಹೋಗುತ್ತದೆ. ಪದವನ್ನು ಇಡಿಯಾಗಿ ಉಳಿಸಿಕೊಂಡ ಶ್ಲೇಷೆಯಲ್ಲಿ ಕೇಳುಗ ಒಂದು ಕ್ಷಣ ಎರಡೂ ಅರ್ಥಗಳನ್ನು ಒಟ್ಟಿಗೆ ಹಿಡಿದಿರುತ್ತಾನೆ, ಅದರಲ್ಲಿರುವ ಸುಖ ಬೇರೆ. ‘ನ್ಯಾಯಾಲಯದಲ್ಲಿ ವಾದಿಯ ಎದುರಿಗೆ ಪ್ರತಿವಾದಿ, ರಾಗದಲ್ಲಿ ವಾದಿಯ ಜೊತೆಗೆ ಸಂವಾದಿ, ರಾಗಗಳಿಗೆ ಮೇಲ್ಮನವಿ ಬೇಕಾಗದಿರುವುದು ಅದಕ್ಕೇ’ ಎಂಬಂಥ ಮಾತಿಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ; ವಾದಿ ಎಂದರೆ ರಾಗದ ಮುಖ್ಯ ಸ್ವರ, ಸಂವಾದಿ ಎಂದರೆ ಅದಕ್ಕೆ ಹೊಂದಿಕೊಳ್ಳುವ ಸ್ವರ.

ನಾಲ್ಕನೆಯ ಹೆಜ್ಜೆ: ಮಾತನ್ನು ಕಡಿದು ಹದಕ್ಕೆ ತರುವುದು

ಪದ ಸಿಕ್ಕಿದೆ, ಶಾಸ್ತ್ರ ಸರಿಯಿದೆ ಎಂದಿಟ್ಟುಕೊಳ್ಳಿ. ಇನ್ನು ಉಳಿದದ್ದು ವಾಕ್ಯದ ಕೆಲಸ. ‘ಗತಿ’ ಎಂಬ ಪದವನ್ನು ತೆಗೆದುಕೊಂಡು ಮೊದಲಿನಿಂದ ಕೊನೆಯವರೆಗೆ ನೋಡೋಣ. ತಾಳದ ಪ್ರತಿಯೊಂದು ಎಣಿಕೆಯ ಒಳಗೆ ಎಷ್ಟು ಭಾಗಗಳಿರುತ್ತವೆ ಎಂಬುದೇ ಗತಿ ಅಥವಾ ನಡೆ. ತಿಶ್ರಕ್ಕೆ 3, ಚತುರಶ್ರಕ್ಕೆ 4, ಖಂಡಕ್ಕೆ 5, ಮಿಶ್ರಕ್ಕೆ 7, ಸಂಕೀರ್ಣಕ್ಕೆ 9. ಬಳಕೆಯಲ್ಲಿ ಗತಿ ಎಂದರೆ ಒದಗಿಬಂದ ಅವಸ್ಥೆ. ಮೊದಲ ಕರಡು ಹೀಗಿರಬಹುದು:

‘ಒಬ್ಬ ವಿದ್ಯಾರ್ಥಿಗೆ ಎಷ್ಟು ಹೇಳಿಕೊಟ್ಟರೂ ತಾಳ ಬರುತ್ತಿರಲಿಲ್ಲ. ಅವನು ಬಹಳ ಬೇಸರದಿಂದ ಗುರುಗಳ ಬಳಿಗೆ ಹೋಗಿ, ಗುರುಗಳೇ, ನನ್ನ ಗತಿ ಏನು ಎಂದು ಕೇಳಿದ. ಸಂಗೀತದಲ್ಲಿ ಗತಿ ಎಂದರೆ ನಡೆ. ಆದ್ದರಿಂದ ಗುರುಗಳು, ನಿನ್ನ ಗತಿ ತಿಶ್ರ ಎಂದರು.’

ಇದರಲ್ಲಿರುವ ದೋಷಗಳನ್ನು ಒಂದೊಂದಾಗಿ ತೆಗೆಯಬೇಕು. ನಡುವೆ ಕುಳಿತಿರುವ ಅರ್ಥವಿವರಣೆ ಮುಂಬರುವ ಉತ್ತರವನ್ನು ಬಿಟ್ಟುಕೊಡುತ್ತದೆ, ಅದು ಹೋಗಬೇಕು. ಬೇಸರವನ್ನು ವರ್ಣಿಸುವ ಅಗತ್ಯವಿಲ್ಲ, ಅದು ವಿದ್ಯಾರ್ಥಿಯ ಮಾತಿನಲ್ಲಿಯೇ ಕೇಳಿಸುತ್ತದೆ. ಉತ್ತರದಲ್ಲಿ ‘ಗತಿ’ ಎಂದು ಮತ್ತೆ ಹೇಳಿದರೆ ಶ್ಲೇಷೆಗೆ ಅಡಿಗೆರೆ ಎಳೆದಂತಾಗುತ್ತದೆ. ಇವೆಲ್ಲವನ್ನೂ ತೆಗೆದ ಮೇಲೆ ಉಳಿಯುವುದು ಇಷ್ಟು:

‘ಗುರುಗಳೇ, ಚತುರಶ್ರವೇ ಕೈಗೆ ಹತ್ತುತ್ತಿಲ್ಲ. ಮುಂದೆ ನನ್ನ ಗತಿ?’
‘ತಿಶ್ರ.’

‘ಮುಂದೆ’ ಎಂಬ ಪದ ಸೇರಿದ್ದರಿಂದ ಎರಡೂ ಅರ್ಥಗಳಿಗೆ ಬಲ ಬಂತು, ಏಕೆಂದರೆ ಚತುರಶ್ರವನ್ನು ಅಭ್ಯಾಸ ಮಾಡಿದವರಿಗೆ ಮುಂದಿನ ಪಾಠವಾಗಿ ತಿಶ್ರ ಬರುವುದು ಸಹಜ. ಆದರೂ ಒಂದು ಕೊರತೆ ಉಳಿದಿದೆ. ತಿಶ್ರ ಎಂಬ ಪದ ಸಂಗೀತದ ಹೊರಗೆ ಏನನ್ನೂ ಹೇಳುವುದಿಲ್ಲವಾದ್ದರಿಂದ, ಪ್ರಶ್ನೆಗೆ ಎರಡು ಅರ್ಥಗಳಿದ್ದರೂ ಉತ್ತರಕ್ಕೆ ಒಂದೇ ಅರ್ಥ. ಐದು ಹೆಸರುಗಳನ್ನೂ ಒಂದೊಂದಾಗಿ ಇಟ್ಟು ನೋಡಿದರೆ ಕೊನೆಯದು ಎರಡೂ ಕಡೆ ಹೊಂದುತ್ತದೆ:

‘ಗುರುಗಳೇ, ಚತುರಶ್ರವೇ ಕೈಗೆ ಹತ್ತುತ್ತಿಲ್ಲ. ಮುಂದೆ ನನ್ನ ಗತಿ?’
‘ಸಂಕೀರ್ಣ.’

ಈಗ ಸಂಗೀತ ತಿಳಿಯದವನಿಗೆ ವಿದ್ಯಾರ್ಥಿಯ ಅವಸ್ಥೆ ತೊಡಕಿನದು ಎಂಬುದು ಕೇಳಿಸುತ್ತದೆ. ತಿಳಿದವನಿಗೆ ನಾಲ್ಕನ್ನೇ ಹಿಡಿಯಲಾಗದವನ ಮುಂದೆ ಒಂಬತ್ತನ್ನು ಇಟ್ಟಿರುವುದು ಕಾಣಿಸುತ್ತದೆ. ಪದವನ್ನು ಬದಲಿಸಿ ನೋಡುವ ಈ ಕೊನೆಯ ಪರೀಕ್ಷೆಯನ್ನು ಎಂದಿಗೂ ಬಿಡಬೇಡಿ.

ಹಿಂದುಸ್ತಾನಿ ತಾಳಗಳಲ್ಲಿಯೂ ಇದೇ ಕ್ರಮ ಫಲ ಕೊಡುತ್ತದೆ. ತೀನ್‌ತಾಲ್‌ಗೆ 16 ಮಾತ್ರೆಗಳು, ಅದರ 9ನೆಯ ಮಾತ್ರೆಯಲ್ಲಿ ಚಪ್ಪಾಳೆಯಿಲ್ಲ, ಕೈ ಬೀಸುವ ಆ ಸ್ಥಾನದ ಹೆಸರು ಖಾಲಿ. ವೈದ್ಯರು ‘ದಿನಕ್ಕೆ ಎಷ್ಟು ಮಾತ್ರೆ ತೆಗೆದುಕೊಳ್ಳುತ್ತೀರಿ?’ ಎಂದು ಕೇಳಿದಾಗ ತಬಲಾ ವಾದಕರು ‘ಹದಿನಾರು ಡಾಕ್ಟ್ರೇ, ಆದರೆ ಒಂಬತ್ತನೆಯದಕ್ಕೇ ಖಾಲಿ’ ಎನ್ನುತ್ತಾರೆ. 7 ಮಾತ್ರೆಗಳ ರೂಪಕ್ ತಾಲ್‌ನಲ್ಲಿ ಮೊದಲ ಮಾತ್ರೆಯೇ ಖಾಲಿಯಾದ್ದರಿಂದ, ಸಂಬಳ ಬಂದ ದಿನವೇ ಕೈ ಬರಿದಾಗುವ ಮನೆಯನ್ನು ‘ರೂಪಕ್ ತಾಳದ ಸಂಸಾರ’ ಎಂದು ಕರೆಯಬಹುದು.

ಐದನೆಯ ಹೆಜ್ಜೆ: ಸ್ವರಾಕ್ಷರಗಳಿಂದ ಮಾತು ಕಟ್ಟುವುದು

ಸಾಹಿತ್ಯದ ಅಕ್ಷರವೂ ಅದನ್ನು ಹಾಡುವ ಸ್ವರದ ಅಕ್ಷರವೂ ಒಂದೇ ಆಗಿದ್ದರೆ ಅದನ್ನು ಸ್ವರಾಕ್ಷರ ಎನ್ನುತ್ತಾರೆ. ಅಕ್ಷರ ಹಾಗೆಯೇ ಕೂಡಿಬಂದರೆ ಶುದ್ಧ ಸ್ವರಾಕ್ಷರ, ವ್ಯಂಜನ ಒಂದೇ ಇದ್ದು ಸ್ವರಚಿಹ್ನೆ ಬದಲಾದರೆ, ಉದಾಹರಣೆಗೆ ಪಂಚಮಕ್ಕೆ ‘ಪು’ ಬಂದರೆ, ಸೂಚಿತ ಸ್ವರಾಕ್ಷರ. ವರ್ಣ, ಕೃತಿಗಳಲ್ಲಿ ವಾಗ್ಗೇಯಕಾರರು ಗಂಭೀರವಾಗಿ ಬಳಸಿದ ಈ ಚಮತ್ಕಾರವನ್ನು ನಗೆಗೂ ಒಗ್ಗಿಸಿಕೊಳ್ಳಬಹುದು. ಸ, ಗ, ಮ, ಪ, ದ ಎಂಬ ಐದಕ್ಕೆ ಅಕಾರ, ರಿ ಮತ್ತು ನಿಗಳಿಗೆ ಇಕಾರ ಇರುವುದರಿಂದ, ಹ್ರಸ್ವ ದೀರ್ಘಗಳೆರಡನ್ನೂ ಸೇರಿಸಿಕೊಂಡರೆ, ಶುದ್ಧ ಸ್ವರಾಕ್ಷರಗಳಲ್ಲಿಯೇ ಹೇರಳವಾದ ಕನ್ನಡ ಪದಗಳು ಸಿಗುತ್ತವೆ: ಸರಿ, ಗರಿ, ಮರಿ, ಪರಿ, ದಾರಿ, ಮಗ, ಮಾಮ, ಪಾಪ, ಪದ, ಪಾದ, ದನಿ, ದಾನಿ, ದಾಸ, ಸದಾ, ಸಮ, ನೀ.

ಪದಗಳನ್ನು ಜೋಡಿಸಿ ಅರ್ಥವಿರುವ ವಾಕ್ಯ ಮಾಡಿ, ಆಮೇಲೆ ಅದು ಹಾಡಲು ಬರುತ್ತದೆಯೇ ಎಂದು ನೋಡಿ. ‘ಪದ ಸರಿ, ದನಿ ಸರಿ, ಮಗ!’ ಎಂಬುದು ಶಿಷ್ಯನ ಬೆನ್ನು ತಟ್ಟುವ ಮಾತು. ಪ ದ ಸ ರಿ, ದ ನಿ ಸ ರಿ, ಮ ಗ ಎಂದು ಅದನ್ನೇ ಶಂಕರಾಭರಣದಲ್ಲಿ ಹಾಡಿದರೆ ಎರಡು ಸಲ ಮೇಲಕ್ಕೇರಿ ಗಾಂಧಾರದಲ್ಲಿ ಬಂದು ನಿಲ್ಲುವ ಚಿಕ್ಕ ಸಂಚಾರವಾಗುತ್ತದೆ. ವಾಕ್ಯ ಅರ್ಥಪೂರ್ಣವಾಗಿದ್ದೂ ಸ್ವರಗಳು ಮನಬಂದಂತೆ ನೆಗೆಯುತ್ತಿದ್ದರೆ ಅದನ್ನು ಕೈಬಿಡುವುದೇ ಸರಿ.

ಇದರ ಮುಂದಿನ ಮೆಟ್ಟಿಲು ವರ್ಜ್ಯ ಸ್ವರಗಳ, ಅಂದರೆ ರಾಗದಲ್ಲಿ ಬಾರದ ಸ್ವರಗಳ, ಒಗಟು, ಇದು ನನಗೆ ಅತ್ಯಂತ ಪ್ರಿಯವಾದ ಬಗೆ. ಹಿಂದೋಳದಲ್ಲಿ ರಿಷಭ, ಪಂಚಮಗಳು ವರ್ಜ್ಯ. ಮೋಹನದಲ್ಲಿ ಮಧ್ಯಮ, ನಿಷಾದಗಳು ವರ್ಜ್ಯ. ಆದ್ದರಿಂದ ಹಿಂದೋಳದ ಮನೆಯಲ್ಲಿ ಮಗ ಇದ್ದಾನೆ, ಆದರೆ ಏನೂ ಸರಿಯಿಲ್ಲ. ಮೋಹನದ ಮನೆಯಲ್ಲಿ ಎಲ್ಲ ಸರಿಯಿದೆ, ಮಗನೇ ಇಲ್ಲ. ಇದನ್ನು ಒಗಟಾಗಿ ಕೇಳುವಾಗ ಉತ್ತರ ಒಂದೇ ಬರುವಂತೆ ಕಟ್ಟು ಬಿಗಿ ಮಾಡಬೇಕು. ‘ಸರಿ ಇದೆ, ಮಗ ಇಲ್ಲ’ ಎಂದಷ್ಟೇ ಕೇಳಿದರೆ ಗಾಂಧಾರವಿಲ್ಲದ ಶುದ್ಧಸಾವೇರಿಯೂ ಉತ್ತರವಾಗುತ್ತದೆ, ಮಧ್ಯಮವಿಲ್ಲದ ಹಂಸಧ್ವನಿಯೂ ಆಗುತ್ತದೆ. ‘ಪದ ಇದೆ, ಸರಿ ಇದೆ, ಗರಿ ಇದೆ; ಮಗ ಇಲ್ಲ, ದನಿ ಇಲ್ಲ’ ಎಂದರೆ ಅವೆರಡೂ ಹೊರಗುಳಿಯುತ್ತವೆ. ಆಗಲೂ ಭೂಪಾಳ ಎಂದವರ ಉತ್ತರವನ್ನು ಒಪ್ಪಿಕೊಳ್ಳಬೇಕು, ಏಕೆಂದರೆ ಅದರ ಸ್ವರಸ್ಥಾನಗಳು ಬೇರೆಯಾದರೂ ಸ್ವರಗಳ ಹೆಸರುಗಳು ಅವೇ.

ಸ್ವರಗಳಿಂದ ಹೆಸರು ಬರೆಯುವ ಹವ್ಯಾಸ ಪಾಶ್ಚಾತ್ಯ ಸಂಗೀತದಲ್ಲಿಯೂ ಉಂಟು. ಜರ್ಮನ್ ಪದ್ಧತಿಯಲ್ಲಿ ಬಿ ಎಂದರೆ ಬಿ ಫ್ಲಾಟ್, ಎಚ್ ಎಂದರೆ ಬಿ ನ್ಯಾಚುರಲ್ ಆದ್ದರಿಂದ ಬಾಖ್ ಎಂಬ ಹೆಸರಿನ ನಾಲ್ಕು ಅಕ್ಷರಗಳೂ, ಅಂದರೆ ಬಿ, ಎ, ಸಿ, ಎಚ್, ಸ್ವರಗಳೇ ಆಗುತ್ತವೆ. ಯೊಹಾನ್ ಸೆಬಾಸ್ಟಿಯನ್ ಬಾಖ್ (1685–1750) ತಮ್ಮ ಕೊನೆಗಾಲದ, ಫ್ಯೂಗ್ ಎಂಬ ಬಗೆಯ ಅಪೂರ್ಣ ರಚನೆಯೊಂದರಲ್ಲಿ ಅದನ್ನು ಬಳಸಿದ್ದಾರೆ. ರಷ್ಯಾದ ಡಿಮಿಟ್ರಿ ಶಾಸ್ತಕೋವಿಚ್ (1906–1975) ಅವರ ಸಹಿ ಡಿ, ಇ ಫ್ಲಾಟ್ (ಜರ್ಮನ್ ಪದ್ಧತಿಯಲ್ಲಿ ಎಸ್), ಸಿ, ಬಿ ನ್ಯಾಚುರಲ್ (ಎಚ್) ಎಂಬ ನಾಲ್ಕು ಸ್ವರಗಳು.

ಆರನೆಯ ಹೆಜ್ಜೆ: ಕಟಪಯಾದಿಯಿಂದ ಹೆಸರಿಗೆ ರಾಗ ಹುಡುಕುವುದು

17ನೇ ಶತಮಾನದ ವೆಂಕಟಮಖಿ ರೂಪಿಸಿದ 72 ಮೇಳಗಳ, ಅಂದರೆ ಮೂಲ ರಾಗಗಳ, ಚೌಕಟ್ಟಿಗೆ ಮುಂದೆ ಬಳಕೆಗೆ ಬಂದ ಹೆಸರುಗಳಲ್ಲಿಯೇ ಒಂದು ಅಕ್ಷರಕ್ರೀಡೆ ಅಡಗಿದೆ. ಕಟಪಯಾದಿ ಸೂತ್ರದಂತೆ ಕಕಾರದಿಂದ ಞಕಾರದವರೆಗಿನ ಹತ್ತು ವ್ಯಂಜನಗಳಿಗೂ, ಟಕಾರದಿಂದ ನಕಾರದವರೆಗಿನ ಹತ್ತಕ್ಕೂ 1ರಿಂದ 9, ಕೊನೆಗೆ 0 ಎಂಬ ಬೆಲೆಗಳು. ಪಕಾರದಿಂದ ಮಕಾರದವರೆಗೆ 1ರಿಂದ 5. ಯ, ರ, ಲ, ವ, ಶ, ಷ, ಸ, ಹಗಳಿಗೆ 1ರಿಂದ 8. ಮೇಳದ ಹೆಸರಿನ ಮೊದಲೆರಡು ಅಕ್ಷರಗಳ ಬೆಲೆಯನ್ನು ತಿರುಗುಮುರುಗು ಮಾಡಿದರೆ ಮೇಳದ ಸಂಖ್ಯೆ ಸಿಗುತ್ತದೆ. ಮಾಯಾಮಾಳವಗೌಳದಲ್ಲಿ ಮ 5, ಯ 1, ಆದ್ದರಿಂದ ಅದು 15ನೆಯದು. ಶಂಕರಾಭರಣಕ್ಕೆ ‘ಧೀರ’, ಕಲ್ಯಾಣಿಗೆ ‘ಮೇಚ’, ತೋಡಿಗೆ ‘ಹನುಮ’ ಎಂಬ ಅಕ್ಷರಗಳು ಮುಂದೆ ಸೇರಿಕೊಂಡದ್ದೇ 29, 65 ಮತ್ತು 8 ಎಂಬ ಸಂಖ್ಯೆಗಳು ಹೊರಡಲಿ ಎಂದು. ಮೇಳಗಳನ್ನು ಆರಾರಾಗಿ ಹಂಚಿದ 12 ಚಕ್ರಗಳ ಹೆಸರುಗಳೂ ಇಂದು, ನೇತ್ರ, ಅಗ್ನಿ, ವೇದ, ಬಾಣ, ಋತು ಎಂದು ಎಣಿಕೆಯನ್ನೇ ಒಡಲಲ್ಲಿ ಇಟ್ಟುಕೊಂಡಿವೆ. ಶಾಸ್ತ್ರಕಾರರೇ ಇಷ್ಟು ಪ್ರೀತಿಯಿಂದ ಆಡಿದ ಆಟವನ್ನು ನಾವು ಮುಂದುವರಿಸುವುದು ಅಗೌರವವಲ್ಲ.

ಆಟದ ನಿಯಮ ಸರಳವಾದದ್ದು. ಬಳಕೆಯ ಪದವೊಂದನ್ನು ಆರಿಸಿ, ಮೊದಲೆರಡು ವ್ಯಂಜನಗಳ ಬೆಲೆ ಬರೆದು, ತಿರುಗಿಸಿ, ಆ ಸಂಖ್ಯೆಯ ಮೇಳವನ್ನು ಪಟ್ಟಿಯಲ್ಲಿ ನೋಡಿ. ‘ನಗೆ’ ಎಂಬ ಪದದಲ್ಲಿ ನ 0, ಗ 3. ತಿರುಗಿಸಿದರೆ 30, ಅಂದರೆ ನಾಗಾನಂದಿನಿ. ನಗೆಯನ್ನು ಹುಡುಕಿಹೋದವರಿಗೆ ಆನಂದವೇ ಸಿಗುತ್ತದೆ. ‘ಮಾತು’ 65, ಅಂದರೆ ಕಲ್ಯಾಣಿ; ಒಳ್ಳೆಯ ನಿರೂಪಕರನ್ನು ಸಭೆಗೆ ಪರಿಚಯಿಸುವಾಗ ‘ಇವರ ಮಾತೇ ಕಲ್ಯಾಣಿ’ ಎನ್ನಲು ಇದಕ್ಕಿಂತ ಬೇರೆ ಆಧಾರ ಬೇಕಿಲ್ಲ. ‘ಗುರು’ 23, ಗೌರೀಮನೋಹರಿ. ‘ಜಗಳ’ 38, ಜಲಾರ್ಣವ. ಇಳಿದವರಿಗೆ ದಡ ಕಾಣುವುದಿಲ್ಲ. ‘ಹಣ’ದಲ್ಲಿ ಹ 8, ಣ 5, ತಿರುಗಿಸಿದರೆ 58, ಹೇಮವತಿ, ಹೆಸರಿನಲ್ಲಿಯೇ ಚಿನ್ನ.

ಇನ್ನು ‘ಸಾಲ’ವನ್ನು ನೋಡಿ. ಸ 7, ಲ 3, ತಿರುಗಿಸಿದರೆ 37, ಆ ಮೇಳದ ಹೆಸರು ಸಾಲಗ! ಇಷ್ಟಕ್ಕೆ ನಿಲ್ಲಬಹುದು, ಆದರೆ ಶಾಸ್ತ್ರದೊಳಗೆ ಇನ್ನೂ ಇಳಿದರೆ ಇನ್ನೂ ಸಿಗುತ್ತದೆ. 72 ಮೇಳಗಳಲ್ಲಿ ಮೊದಲ 36 ಶುದ್ಧ ಮಧ್ಯಮದವು, ಉಳಿದ 36 ಪ್ರತಿ ಮಧ್ಯಮದವು, ಆ ಎರಡನೆಯ ಅರ್ಧದ ಮೊದಲ ಮೇಳವೇ ಸಾಲಗ. ಆದ್ದರಿಂದ ‘ಮೂವತ್ತಾರರ ತನಕ ಶುದ್ಧ ಮಧ್ಯಮ ವರ್ಗ, ಮೂವತ್ತೇಳಕ್ಕೆ ಕಾಲಿಟ್ಟ ಕೂಡಲೇ ಸಾಲಗ’ ಎಂಬ ವಾಕ್ಯದಲ್ಲಿ ವಯಸ್ಸು, ವರ್ಗ, ಸಾಲ ಮೂರೂ ಶಾಸ್ತ್ರಕ್ಕೆ ಸರಿಯಾಗಿ ಕುಳಿತುಕೊಳ್ಳುತ್ತವೆ. ಒಂದೇ ಸ್ವರಸ್ಥಾನದ ಪಾಲುದಾರರಾದ ಸ್ವರಗಳು ಒತ್ತೊತ್ತಾಗಿ ಬರುವುದರಿಂದ 40 ಮೇಳಗಳನ್ನು ವಿವಾದಿ ಮೇಳಗಳೆಂದು ಕರೆಯುತ್ತಾರೆ. ಸಾಲಗ ಅವುಗಳಲ್ಲಿ ಒಂದು, ಹೇಮವತಿ ಅಲ್ಲ. ಸಾಲದಲ್ಲಿ ವಿವಾದವುಂಟು, ಹಣದಲ್ಲಿಲ್ಲ. ‘ಸಂಬಳ’ವನ್ನು ಲೆಕ್ಕ ಹಾಕಿದರೂ, ಅನುಸ್ವಾರವನ್ನು ಬಿಟ್ಟು ಸ 7, ಬ 3 ಎಂದು, ಬರುವುದು ಅದೇ 37.

ಇಲ್ಲಿ ಎರಡು ಎಚ್ಚರಿಕೆಗಳು ಅಗತ್ಯ. ಅನುಸ್ವಾರವನ್ನು ಸಾಮಾನ್ಯವಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಝಂಕಾರಧ್ವನಿ 19 ಆಗುವುದು ಹಾಗೆಯೇ. ಆದರೆ ಸಿಂಹೇಂದ್ರಮಧ್ಯಮದಲ್ಲಿ ಅನುಸ್ವಾರದ ಮಕಾರವನ್ನು ಹಿಡಿದರೆ ಮಾತ್ರ 57 ಬರುತ್ತದೆ, ಆದ್ದರಿಂದ ಬಲ್ಲವರೊಬ್ಬರು ನಿಮ್ಮ ಸಂಬಳವನ್ನು ಪ್ರಶ್ನಿಸಿದರೆ ಉತ್ತರ ಸಿದ್ಧವಾಗಿರಲಿ. ಒತ್ತಕ್ಷರಗಳದು ಇನ್ನೂ ತೊಡಕು: ಧರ್ಮವತಿಯಲ್ಲಿ ಒತ್ತಿನ ಕೊನೆಯ ಮಕಾರ ಲೆಕ್ಕಕ್ಕೆ ಬಂದರೆ, ಚಕ್ರವಾಕದಲ್ಲಿ ಮೊದಲ ಕಕಾರ ಬರುತ್ತದೆ. ‘ಹಾಸ್ಯ’ದಂಥ ಪದವನ್ನು ಯಾವ ಕಡೆಯಿಂದ ಹಿಡಿಯಬೇಕೆಂಬ ಚರ್ಚೆಯಲ್ಲಿ ನಗುವೇ ಆರಿಹೋಗುತ್ತದೆ, ಆದ್ದರಿಂದ ಒತ್ತಿಲ್ಲದ ಪದಗಳನ್ನೇ ಆರಿಸಿಕೊಳ್ಳಿ. 72ನ್ನು ಮೀರಿದ ಸಂಖ್ಯೆ ಬಂದರೆ ಪದವನ್ನು ಬಿಟ್ಟುಬಿಡಬೇಕು. ‘ಮದುವೆ’ 85 ಆಗುತ್ತದೆ, ಅದಕ್ಕೆ ಯಾವ ಮೇಳವೂ ಒದಗುವುದಿಲ್ಲ.

ಏಳನೆಯ ಹೆಜ್ಜೆ: ಪಾಶ್ಚಾತ್ಯ ಪದಗಳನ್ನು ಅಳತೆಯರಿತು ಬಳಸುವುದು

ನೋಟು, ಕೀ, ಸ್ಕೇಲು, ಶಾರ್ಪ್, ಫ್ಲಾಟ್, ಮೇಜರ್, ಮೈನರ್ ಎಂಬ ಪದಗಳು ಕೀಬೋರ್ಡ್, ಗಿಟಾರ್ ಕಲಿಯುವವರ ಬಾಯಲ್ಲಿ ಕನ್ನಡದವೇ ಆಗಿವೆ, ನೋಟು ಹಣವಾಗಿ, ಫ್ಲಾಟ್ ಮನೆಯಾಗಿ, ಸ್ಕೇಲು ಅಳತೆಪಟ್ಟಿಯಾಗಿ ಹೊರಗೂ ಬಳಕೆಯಲ್ಲಿವೆ. ಆದರೆ ಈ ಪದಗಳ ಮೇಲಿನ ಚಮತ್ಕಾರಗಳಲ್ಲಿ ಬಹಳಷ್ಟು ಇಂಗ್ಲಿಷಿನಲ್ಲಿ ಆಗಲೇ ತೀರಾ ಸವೆದಿವೆ, ಅವುಗಳನ್ನು ಕನ್ನಡ ಲಿಪಿಗೆ ಇಳಿಸುವುದರಿಂದ ಹೊಸದೇನೂ ಆಗುವುದಿಲ್ಲ. ಕನ್ನಡದಲ್ಲಿ ನಿಲ್ಲುವಂಥದನ್ನು ಮಾತ್ರ ಉಳಿಸಿಕೊಳ್ಳಿ. ಮೈನರ್ ಸ್ವರಮೇಳದ (ಕಾರ್ಡ್‌ನ) ಮೂರನೆಯ ಸ್ವರವನ್ನು ಅರ್ಧ ಸ್ವರದಷ್ಟು ಏರಿಸಿದರೆ ಅದು ಮೇಜರ್ ಆಗುತ್ತದೆ ಎಂಬ ತತ್ತ್ವದಿಂದ ‘ಮನುಷ್ಯ ಮೈನರ್‌ನಿಂದ ಮೇಜರ್ ಆಗಲು ಹದಿನೆಂಟು ತುಂಬಬೇಕು, ಸ್ವರಮೇಳ ಆಗಲು ಮೂರನೆಯವನು ಅರ್ಧ ಮೆಟ್ಟಿಲು ಹತ್ತಿದರೆ ಸಾಕು’ ಎಂಬ ಮಾತು ಹುಟ್ಟುತ್ತದೆ.

ಎಂಟನೆಯ ಹೆಜ್ಜೆ: ಹೇಳುವುದು

ಸಿದ್ಧವಾದ ಮಾತನ್ನು ಸಂಗೀತ ಬಲ್ಲವರೊಬ್ಬರಿಗೂ ಏನೂ ತಿಳಿಯದವರೊಬ್ಬರಿಗೂ ಬೇರೆಬೇರೆಯಾಗಿ ಹೇಳಿ ನೋಡಿ. ಬಲ್ಲವರು ‘ಅದು ಹಾಗಲ್ಲ’ ಎಂದರೆ ಎರಡನೆಯ ಹೆಜ್ಜೆಗೆ ಹಿಂದಿರುಗಿ, ತಿಳಿಯದವರು ‘ಹಾಗೆಂದರೇನು?’ ಎಂದರೆ ಪದದ ಆಯ್ಕೆಯಲ್ಲಿ ಏನೋ ಕೊರತೆಯಿದೆ. ಸಭೆಯಲ್ಲಿ ಮಿಶ್ರ ಕೇಳುಗರಿದ್ದರೆ ಬೇಕಾದ ಶಾಸ್ತ್ರವನ್ನು ನಗೆಮಾತಿಗೆ ಮೊದಲೇ, ಬೇರೊಂದು ಸಂದರ್ಭದಲ್ಲಿ, ಸಹಜವಾಗಿ ಹೇಳಿಟ್ಟಿರಬೇಕು. ಮೋಹನದ ಪರಿಚಯ ಮಾಡಿಕೊಡುತ್ತಾ ಅದರ ವರ್ಜ್ಯ ಸ್ವರಗಳನ್ನು ಹೇಳಿದವರಿಗೆ ಸ್ವಲ್ಪ ಹೊತ್ತಿನ ಮೇಲೆ ‘ಮಗನಿಲ್ಲದ ಮನೆ’ಯ ಒಗಟನ್ನು ಕೇಳುವ ಅವಕಾಶ ತಾನಾಗಿ ಒದಗುತ್ತದೆ. ನಗೆಯಾದ ಮೇಲೆ ವಿವರಣೆ ಕೊಡುವುದು ಮಾತ್ರ ಬೇಡವೇ ಬೇಡ.

ತಾಳಗಳ ಜಾತಿ, ಸಂಗೀತದ ವರ್ಣ ಎಂಬೆರಡು ಪದಗಳನ್ನು ಮನುಷ್ಯರ ಜಾತಿ, ವರ್ಣಗಳ ಕಡೆಗೆ ತಿರುಗಿಸುವ ಮಾತುಗಳನ್ನು ನಾನು ಎಲ್ಲಿಯೂ ಒಪ್ಪುವುದಿಲ್ಲ. ಅವು ಯಾರನ್ನು ನೋಯಿಸುತ್ತವೆ ಎಂಬುದು ಹೇಳುವವರಿಗೂ ತಿಳಿದಿರುತ್ತದೆ. ಹಾಗೆಯೇ ವೇದಿಕೆಯಲ್ಲಿ ಆಗತಾನೇ ಶ್ರುತಿ ತಪ್ಪಿದವರ ಮೇಲೆ, ಅದರಲ್ಲಿಯೂ ಕಲಿಯುತ್ತಿರುವ ಮಕ್ಕಳ ಮೇಲೆ, ಶ್ಲೇಷೆಯನ್ನು ಪ್ರಯೋಗಿಸಬಾರದು.

ತರಗತಿಯಲ್ಲಿ ಬಳಸುವವರು ಕಟಪಯಾದಿಯಿಂದ ಆರಂಭಿಸಿದರೆ ಒಳ್ಳೆಯದು. ಮಕ್ಕಳು ತಮ್ಮ ತಮ್ಮ ಹೆಸರುಗಳ ಮೇಳವನ್ನು ತಾವೇ ಲೆಕ್ಕ ಹಾಕಲಿ. ‘ರಮ್ಯಾ’ ಎಂಬ ಹೆಸರಿನವಳು ಒತ್ತಕ್ಷರದ ಮಕಾರವನ್ನು ಹಿಡಿದರೆ 52ನೆಯ ರಾಮಪ್ರಿಯ, ಯಕಾರವನ್ನು ಹಿಡಿದರೆ 12ನೆಯ ರೂಪವತಿ ಆಗುತ್ತಾಳೆ. ಯಾವುದು ಬೇಕೆಂದು ಅವಳೇ ಆರಿಸಿಕೊಂಡು, ಆ ಮೇಳದ ಆರೋಹಣ ಅವರೋಹಣಗಳನ್ನು ಮುಂದಿನ ತರಗತಿಗೆ ಕಲಿತು ಬಂದು ಹಾಡಲಿ.